ಒಬ್ಬನೇ ಉಣ್ಣುವ ಹಾವು

ಆ ಹಾವು ಮೊದಲ ಸಲ ನಮ್ಮ ಕ್ಲಿನಿಕ್ಕಿಗೆ ಬಂದದ್ದು ದಿಂಬಿನ ಕವರಿನಲ್ಲಿ. ಹಳದಿ ಹೂಗಳಿದ್ದ ಕವರು, ಬಾಯಿಗೆ ಬಿಗಿಯಾದ ಗಂಟು. ಅದನ್ನು ತಂದ ಹುಡುಗಿ ಚಳಿ ತಾಗೀತೆಂದು ತನ್ನ ಕೋಟಿನ ಒಳಗೆ ಎದೆಗೆ ಅವುಚಿಕೊಂಡಿದ್ದಳು. ಮೇಜಿನ ಮೇಲಿಡು ಎಂದರೆ ಮೇಜು ತಣ್ಣಗಿದೆ ಎಂದಳು. ನಾನು ಟವೆಲ್ ಹಾಸಿದೆ. ಟವೆಲನ್ನು ಮುಟ್ಟಿ ನೋಡಿ, ಆಮೇಲೆ ಇಟ್ಟಳು.

ಕಾರ್ಕ್ ಪಕ್ಕದ ಐರಿಶ್ ಊರಾದ ಬ್ಯಾಲಿನ್‌ಕೊಲಿಗ್‌ನಲ್ಲಿರುವ ನಮ್ಮದು ಸಾಕುಪ್ರಾಣಿಗಳ ಸಣ್ಣ ಆಸ್ಪತ್ರೆ. ನಾಯಿ, ಬೆಕ್ಕು, ಆಗೊಮ್ಮೆ ಈಗೊಮ್ಮೆ ಮೊಲ. ಹಾವೊಂದನ್ನು ತೋರಿಸಬೇಕು ಎಂದು ಫೋನ್ ಬಂದಾಗ ಕ್ಲಿನಿಕ್ಕಿನ ಒಡೆಯರಾದ ಹಿರಿಯ ವೈದ್ಯರು ಹಿಂದೆಮುಂದೆ ನೋಡದೆ ಅದನ್ನು ನನ್ನ ತಲೆಗೆ ಕಟ್ಟಿದ್ದರು. "ನಿಮ್ಮ ಕಡೆ ಹಾವು ಮಾಮೂಲಲ್ಲವೇ?" ಎಂದರು. ಹಾವೂ ಮಾಮೂಲು, ಕಂಡ ಕೂಡಲೇ ಓಡುವುದೂ ಮಾಮೂಲು ಎಂದೆ. ನಕ್ಕರು, ಆದರೆ ಕೇಸು ನನ್ನ ಹೆಸರಿನಲ್ಲೇ ಉಳಿಯಿತು. ದನದ ಹೊಟ್ಟೆಯೊಳಗೆ ಹೆಗಲವರೆಗೆ ಕೈ ಹಾಕಿ ವಿದ್ಯೆ ಕಲಿತವಳು ನಾನು. ಕೈಕಾಲಿಲ್ಲದ ಪ್ರಾಣಿಯೆಂದರೆ ಇವತ್ತಿಗೂ ಅಷ್ಟಕ್ಕಷ್ಟೆ. ಹಿಂದಿನ ದಿನ ಪುಸ್ತಕ ತೆಗೆದು, ಪರೀಕ್ಷೆಗೆ ಓದಿದ ಹಾಗೆ ಓದಿಕೊಂಡಿದ್ದೆ.

ಗಂಟು ಬಿಚ್ಚಿದೆ. ಒಳಗಿದ್ದದ್ದು ಬಾಲ್ ಪೈಥಾನ್, ಹೆಬ್ಬಾವಿನ ಬಳಗದ ಒಂದು ಸಣ್ಣ ಜಾತಿ. ವಿಷವಿಲ್ಲ, ಸಿಟ್ಟೂ ಕಡಿಮೆ. ಹೆದರಿದರೆ ತಲೆಯನ್ನು ನಡುವೆ ಹುದುಗಿಸಿಕೊಂಡು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ, ಅದಕ್ಕೇ ಆ ಹೆಸರು. ಇದೂ ಹಾಗೇ ಸುತ್ತಿಕೊಂಡಿತ್ತು. ಕಂದು ಮೈ, ಅಲ್ಲಲ್ಲಿ ಕಪ್ಪು. ಥೇಟ್ ಆಲೂಗಡ್ಡೆ. ಹುಡುಗಿ ಇಟ್ಟಿದ್ದ ಹೆಸರೂ ಅದೇ, ಸ್ಪಡ್. ಇಲ್ಲಿಯವರು ಆಲೂಗಡ್ಡೆಯನ್ನು ಪ್ರೀತಿಯಿಂದ ಕರೆಯುವುದು ಹಾಗೆ.

ಜೊತೆಗೆ ಬಂದಿದ್ದ ತಾಯಿ ಕಾರ್ಕ್‌ನ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ಡ್ಯೂಟಿಯಿಂದ ನೇರವಾಗಿ ಬಂದವರ ಕೊರಳಲ್ಲಿ ಇನ್ನೂ ಗುರುತಿನ ಚೀಟಿ ನೇತಾಡುತ್ತಿತ್ತು. ನನ್ನ ಹೆಸರಿನ ಪಟ್ಟಿ ಓದಿದ್ದೇ ಅವರ ಇಂಗ್ಲಿಷ್ ಮಾಯವಾಯಿತು.

"ನೀವು ಕರ್ನಾಟಕದವ್ರಾ? ಯಾವೂರು?"

"ರಾಣೆಬೆನ್ನೂರು."

"ಅಯ್ಯೋ, ನಾವು ದಾವಣಗೆರೆ ಕಣ್ರೀ! ಬಸ್ ಹತ್ತಿದ್ರೆ ಬಂತು ನಿಮ್ಮೂರು." ಆಮೇಲೆ ಟವೆಲಿನ ಮೇಲಿದ್ದ ಉಂಡೆಯತ್ತ ನೋಡಿ ದನಿ ಇಳಿಸಿದರು. "ವಾರಕ್ಕೊಂದು ಇಲಿ ಲಬಕ್ಕಂತ ತಿಂತಿತ್ತು. ಅಕ್ಟೋಬರಿಂದ ಮುಖಾನೇ ತಿರುಗಿಸ್ತಾ ಐತೆ. ನನ್ನ ಪೇಷಂಟ್ ಆಗಿದ್ರೆ ಡ್ರಿಪ್ ಹಾಕ್ತಿದ್ದೆ. ಇದಕ್ಕೇನು ಮಾಡ್ಲಿ?"

"ಹೀ," ಎಂದಳು ಹುಡುಗಿ. ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದೂ ಕಾರ್ಕ್‌ನವರ ರಾಗದಲ್ಲಿ. ಅದು ಅನ್ನಬೇಡಿ, ಅವನು ಅನ್ನಿ ಎಂಬುದು ಅವಳ ತಕರಾರು.

ಅವನನ್ನು ಪರೀಕ್ಷಿಸಿದೆ. ಬಾಯಿಯನ್ನು ಮೆಲ್ಲಗೆ ತೆರೆದು ಒಸಡು ನೋಡಿದೆ, ಹುಣ್ಣಿಲ್ಲ, ಕೀವಿಲ್ಲ. ಉಸಿರಿನಲ್ಲಿ ಸಿಳ್ಳೆಯಿಲ್ಲ. ಹುರುಪೆಗಳ ನಡುವೆ ಉಣುಗಿನಂಥ ರಕ್ತ ಹೀರುವ ಹುಳಗಳಿಲ್ಲ. ಆದರೆ ಬೆರಳಾಡಿಸಿದರೆ ಬೆನ್ನೆಲುಬು ಸಿಗುತ್ತಿತ್ತು, ಅದರ ಎರಡೂ ಪಕ್ಕ ಮಾಂಸ ಇಳಿದಿತ್ತು. ದೊಡ್ಡ ಹಾವುಗಳು ತಿಂಗಳುಗಟ್ಟಲೆ ಉಪವಾಸ ಇದ್ದು ಏನೂ ಆಗದವರ ಹಾಗೆ ಏಳುತ್ತವೆ. ಇವನಿಗೆ ವರ್ಷ ತುಂಬಿರಲಿಲ್ಲ. ಮೈಯಲ್ಲಿ ಕೂಡಿಟ್ಟ ಕೊಬ್ಬಿಲ್ಲದ ಎಳೆಯ ಹಾವಿಗೆ ಉಪವಾಸ ಬಹಳ ದಿನ ತಡೆಯುವುದಿಲ್ಲ. ಇದನ್ನು ತಾಯಿಗೆ ಕನ್ನಡದಲ್ಲಿ ಹೇಳಿದೆ, ಹುಡುಗಿಗೆ ತಿಳಿಯದಿರಲಿ ಎಂದು. ಅವಳಿಗೆ ಕನ್ನಡ ತಿಳಿಯುತ್ತದೆ ಎಂಬುದು ಆ ಗಳಿಗೆಯಲ್ಲಿ ಮರೆತೇ ಹೋಗಿತ್ತು. ತಿರುಗಿ ನೋಡಿದರೆ ಅವಳ ಕಣ್ಣು ತುಂಬಿತ್ತು.

ಹಾವು ಉಣ್ಣದಿದ್ದರೆ ಮೊದಲು ನೋಡಬೇಕಾದ್ದು ಹಾವನ್ನಲ್ಲ, ಅದರ ಮನೆಯನ್ನು ಎನ್ನುತ್ತವೆ ಪುಸ್ತಕಗಳು. ಗಾಜಿನ ಪೆಟ್ಟಿಗೆಯ ಫೋಟೋ ತರಿಸಿಕೊಂಡೆ. ಹುಡುಗಿಯ ಕೋಣೆಯಲ್ಲಿದ್ದ ಆ ಪೆಟ್ಟಿಗೆ ಓರಣವಾಗಿತ್ತು: ಒಂದು ತುದಿ ಬೆಚ್ಚಗೆ, ಇನ್ನೊಂದು ತಣ್ಣಗೆ, ನೀರಿನ ಬಟ್ಟಲು, ಅಡಗಿಕೊಳ್ಳಲು ಒಂದು ಗೂಡು. ಬಿಸಿ ತುದಿಯ ಉಷ್ಣತೆ ಸ್ವಲ್ಪ ಕಡಿಮೆ ಅನಿಸಿತು. ಅಕ್ಟೋಬರ್ ಎಂದರೆ ಇಲ್ಲಿ ಗೋಡೆಗಳೂ ತಣ್ಣಗಾಗುವ ಕಾಲ, ತಪ್ಪೆಲ್ಲ ಚಳಿಯದ್ದೇ ಎಂದುಕೊಂಡೆ. ಥರ್ಮೋಸ್ಟಾಟ್ ಬದಲಾಯಿಸಿದರು. ತಣ್ಣಗಿನ ತುದಿಗೂ ಒಂದು ಗೂಡು ಬೇಕೆಂದೆ, ಹೂಕುಂಡವನ್ನು ಬೋರಲು ಹಾಕಿ ಬಾಗಿಲು ಕೊರೆದುಕೊಟ್ಟರು. ಗಾಳಿಯ ತೇವ ಹೆಚ್ಚಿಸಿದರು. ಮಲದ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ.

"ಊಟ ಎಲ್ಲಿ ಹಾಕ್ತೀರಿ?" ಎಂದೂ ಕೇಳಿದ್ದೆ.

"ಬೇರೆ ಡಬ್ಬೀಲಿ," ಎಂದಿದ್ದರು ತಾಯಿ. ಹಾಗೆ ಮಾಡುವವರು ಬಹಳ ಜನ ಇದ್ದಾರೆ, ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಹುಡುಗಿ ಮಾತ್ರ ತನ್ನ ಬೂಟುಗಳನ್ನು ನೋಡುತ್ತಿದ್ದಳು.

ಇಲಿಯ ವಿಷಯ. ಇಲ್ಲಿ ಜೀವಂತ ಇಲಿ ಹಾಕುವುದಿಲ್ಲ. ಫ್ರೀಜರಿನಲ್ಲಿಟ್ಟ ಸತ್ತ ಇಲಿಯನ್ನು ಕರಗಿಸಿ, ಬಿಸಿನೀರಿನಲ್ಲಿ ಚೀಲಸಮೇತ ಮುಳುಗಿಸಿ ಬೆಚ್ಚಗೆ ಮಾಡಿ, ಒರೆಸಿ, ಉದ್ದನೆಯ ಇಕ್ಕಳದಲ್ಲಿ ಹಿಡಿದು ಕೊಡುತ್ತಾರೆ. ಈ ಹಾವಿನ ತುಟಿಯಂಚಿನಲ್ಲಿ ಸಣ್ಣ ಗುಳಿಗಳಿವೆ, ಅವು ಶಾಖವನ್ನು ಗುರುತಿಸುತ್ತವೆ. ಇಲಿಯ ತಲೆ ಮೈಗಿಂತ ಒಂದು ಗುಲಗಂಜಿಯಷ್ಟು ಹೆಚ್ಚು ಬೆಚ್ಚಗಿದ್ದರೆ ಅವನಿಗೆ ಅದು ಜೀವ ಇರುವ ಇಲಿ. ಹೇರ್ ಡ್ರೈಯರಿನಿಂದ ತಲೆ ಬಿಸಿ ಮಾಡಿ ಎಂದೆ. ಮಾಡಿದರು. ಸುಂಡಿಲಿಯ ಬದಲು ಹೆಗ್ಗಣದ ಮರಿ ಕೊಟ್ಟು ನೋಡಿ ಎಂದೆ. ಕೊಟ್ಟರು. ಕೋಳಿಸಾರಿನ ವಾಸನೆ ಹಚ್ಚಿ ನೋಡಿ ಎಂದೆ. ಅದೂ ಆಯಿತು. ಪ್ರತಿ ಸೋಮವಾರ ತಾಯಿಯಿಂದ ಫೋನು, ಪ್ರತಿ ಸಲವೂ ಅದೇ ಮಾತು: "ಇಲ್ಲ ಕಣ್ರೀ, ಮುಟ್ಟಲಿಲ್ಲ."

ಡಿಸೆಂಬರ್ ಬಂತು. ತೂಕ ಇನ್ನೂ ಇಳಿದಿತ್ತು. ಹಿರಿಯ ವೈದ್ಯರು ಕಾಗದ ನೋಡಿ, ಇನ್ನು ಕಾಯುವುದು ಸರಿಯಲ್ಲ, ನಳಿಕೆ ಹಾಕಿ ಹೊಟ್ಟೆಗೇ ಆಹಾರ ಬಿಡೋಣ ಎಂದರು. ನನಗೂ ಬೇರೆ ದಾರಿ ಕಾಣುತ್ತಿರಲಿಲ್ಲ. ಆದರೆ ಅವನು ಉಣ್ಣದಿರುವುದು ಭಯದಿಂದ ಎಂದಾದರೆ, ಗಂಟಲಿಗೆ ನಳಿಕೆ ಇಳಿಸಿದಾಗ ಆ ಭಯ ಇಮ್ಮಡಿಯಾಗುತ್ತದೆ, ಉಂಡದ್ದೂ ವಾಂತಿಯಾಗಬಹುದು, ಅಷ್ಟು ನಿತ್ರಾಣವಾದ ಮೈ ಅದನ್ನು ತಾಳದೆಯೂ ಹೋಗಬಹುದು. ಒಂದು ಸಲ ಮನೆಗೆ ಹೋಗಿ ನೋಡಿ ಬರುತ್ತೇನೆ ಎಂದೆ. ಭಾನುವಾರ ಮಧ್ಯಾಹ್ನ ಬನ್ನಿ, ಅವತ್ತೇ ಅವನಿಗೆ ಊಟ ಹಾಕುವುದು ಎಂದರು ತಾಯಿ.

ಬಾಗಿಲು ತೆರೆದದ್ದು ಅಜ್ಜಿ, ಡಾಕ್ಟರ ತಾಯಿ. ದಾವಣಗೆರೆಯಿಂದ ಮಗಳ ಮನೆಗೆ ಬಂದಿದ್ದರು. ಬಿಳಿ ಸೆರಗು ತಲೆಯ ಮೇಲೆ, ಕಾಲಿಗೆ ಮೊಮ್ಮಗಳ ಉಣ್ಣೆಯ ಕಾಲುಚೀಲ.

"ಬಾರವ್ವಾ, ಬಾ. ರಾಣೆಬೆನ್ನೂರಂತೆ! ನೀನು ಮಾಂಸ ತಿಂತೀಯೋ ಇಲ್ಲೋ ಅಂತ ಎಣ್ಣೆಗಾಯಿ ಬೇರೆ ಮಾಡಿದೀನಿ. ಮೊದಲು ಊಟ, ಆಮೇಲೆ ಆಲೂನ ನೋಡುವಂತೆ."

ಸ್ಪಡ್ ಎಂಬುದು ಅವರ ಬಾಯಲ್ಲಿ ಆಲೂ ಆಗಿತ್ತು. ಹಾವಿಲ್ಲದ ದೇಶಕ್ಕೆ ಬಂದು ಹಾವು ಸಾಕ್ತಾರೆ ಇವರು ಎಂದು ಮೊದಲ ವಾರ ಬೈದವರು, ಈಗ ದಿನಕ್ಕೆ ನಾಲ್ಕು ಸಲ ಮೆಟ್ಟಿಲು ಹತ್ತಿ ಅವನನ್ನು ಮಾತಾಡಿಸಿ ಬರುತ್ತಿದ್ದರಂತೆ.

ಹಾಲಿನಲ್ಲಿ ದಸ್ತರ್‌ಖಾನ್ ಹಾಸಿತ್ತು. ನೆಲದ ಮೇಲೆ ಉದ್ದನೆಯ ಬಟ್ಟೆ, ಅದರ ಸುತ್ತ ಎಲ್ಲರೂ ಕೂತು ಒಟ್ಟಿಗೆ ಉಣ್ಣುವುದು. ಲಿಮೆರಿಕ್‌ನಲ್ಲಿ ಕೆಲಸ ಮಾಡುವ ತಂದೆ ವಾರದ ರಜೆಗೆ ಬಂದಿದ್ದರು, ಜೊತೆಗೆ ಅವರ ಗೆಳೆಯನ ಕುಟುಂಬ. ನಾನೂ ಕೂತೆ. ಎಣ್ಣೆಗಾಯಿ ಬಂತು, ರೊಟ್ಟಿ ಬಂತು. ಸಾಕು ಎಂದು ತಟ್ಟೆಗೆ ಅಡ್ಡ ಹಿಡಿದ ನನ್ನ ಕೈಯನ್ನು ಅಜ್ಜಿ ನೊಣ ಓಡಿಸಿದ ಹಾಗೆ ಸರಿಸಿ ಇನ್ನೊಂದು ರೊಟ್ಟಿ ಹಾಕಿದರು. ಅದನ್ನು ಮುಗಿಸುವವರೆಗೆ ನನ್ನ ಬಾಯನ್ನೇ ನೋಡುತ್ತಿದ್ದರು. ನನಗೆ ಒತ್ತಾಯದ ಊಟವೆಂದರೆ ಮೊದಲಿಂದಲೂ ಆಗಿ ಬರುವುದಿಲ್ಲ, ಆದರೆ ಆ ಮುಖ ನೋಡಿಕೊಂಡು ಬೇಡ ಎನ್ನುವುದು ಯಾರಿಂದಲೂ ಆಗದು.

ಆಗ ಹುಡುಗಿ ಮಹಡಿಯಿಂದ ಇಳಿದಳು. ಕೈಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ. ಅದನ್ನು ತಂದು ದಸ್ತರ್‌ಖಾನಿನ ಪಕ್ಕದಲ್ಲೇ ಇಟ್ಟಳು. ಒಳಗೆ ಸ್ಪಡ್, ಬಿಗಿಯಾದ ಉಂಡೆ.

"ಬಂತು ನೋಡು ನಮ್ಮ ಆಲೂ!" ಎಂದರು ಅಜ್ಜಿ. ಎಲ್ಲರೂ ಡಬ್ಬಿಯತ್ತ ಬಾಗಿದರು. ತಂದೆ ಇಕ್ಕಳದಲ್ಲಿ ಇಲಿ ಹಿಡಿದು ಅವನ ಮುಂದೆ ಆಡಿಸಿದರು. ಗೆಳೆಯನ ಮಕ್ಕಳು ಚಪ್ಪಾಳೆ ತಟ್ಟಿದರು. "ತಿನ್ನೋ ಕಂದಾ, ಒಂದು ತುತ್ತು ತಿನ್ನು. ಎಲ್ಲಾರೂ ತಿಂತಾ ಇಲ್ವಾ?" ಎಂದು ಅಜ್ಜಿ ಡಬ್ಬಿಯನ್ನು ಬೆರಳಿನಿಂದ ತಟ್ಟಿದರು. ಅವನು ತಲೆಯನ್ನು ಇನ್ನಷ್ಟು ಒಳಗೆ ಎಳೆದುಕೊಂಡ. ಇದು ಬೇಡವೇನೋ ಎಂದು ಇನ್ನೊಂದು ಇಲಿ ತಂದರು. ಅಜ್ಜಿ ಅದನ್ನು ಅವನ ಮೂತಿಗೇ ಮುಟ್ಟಿಸಿದರು.

ನಾನು ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗಿಟ್ಟೆ. ಬಾಲ್ ಪೈಥಾನ್ ಬಿಲದ ಪ್ರಾಣಿ. ಕತ್ತಲೆಯಲ್ಲಿ ಅಡಗಿ ಕೂತು, ಯಾರ ಕಣ್ಣಿಗೂ ಬೀಳುತ್ತಿಲ್ಲ ಎಂದು ಖಾತರಿಯಾದ ಮೇಲೆ ಬಾಯಿ ತೆರೆಯುವಂಥದ್ದು. ಬೇಟೆ ನುಂಗುವಾಗ ಅದು ಓಡಲೂ ಆಗದ, ಕಚ್ಚಲೂ ಆಗದ ಅಸಹಾಯಕ, ಹಾಗಾಗಿ ಸುತ್ತ ಅಲುಗಾಟ ಇದ್ದರೆ ಹಸಿವನ್ನೇ ನುಂಗಿಕೊಂಡು ಸುಮ್ಮನಿರುತ್ತದೆ. ನಾನು ಉಷ್ಣತೆ ಕೇಳಿದ್ದೆ, ತೇವಾಂಶ ಕೇಳಿದ್ದೆ, ಇಲಿಯ ಅಳತೆ ಕೇಳಿದ್ದೆ. ಊಟದ ಹೊತ್ತಿಗೆ ಸುತ್ತ ಎಷ್ಟು ಜನ ಕೂತಿರುತ್ತಾರೆ ಎಂಬ ಪ್ರಶ್ನೆ ಯಾವ ಪುಸ್ತಕದಲ್ಲೂ ಇರಲಿಲ್ಲ. ಹಾವನ್ನು ಊಟಕ್ಕೆ ಕೂರಿಸಿಕೊಂಡು ಉಪಚಾರ ಮಾಡುವ ಜನ ನಾವು ಮಾತ್ರ ಇರಬೇಕು.

ಡಬ್ಬಿಯನ್ನು ಮೇಲೆ ಒಯ್ಯಲು ಹುಡುಗಿಯ ಜೊತೆ ನಾನೂ ಎದ್ದೆ. ಕೋಣೆಯಲ್ಲಿ ಅವನನ್ನು ಗಾಜಿನ ಪೆಟ್ಟಿಗೆಗೆ ಬಿಟ್ಟ ಮೇಲೆ, ಮೊದಲು ಹೇಗೆ ಹಾಕುತ್ತಿದ್ದೆ ಎಂದು ಕೇಳಿದೆ. ಇಲ್ಲೇ, ದೀಪ ಆರಿಸಿ, ಗೂಡಿನ ಬಾಯಿಗಿಟ್ಟು ಬಾಗಿಲು ಹಾಕಿಕೊಂಡು ಹೋಗುತ್ತಿದ್ದೆ ಎಂದಳು. ಅಕ್ಟೋಬರಿನಲ್ಲಿ ನಾನಿ, ಅಂದರೆ ಅಜ್ಜಿ, ಬಂದ ಮೇಲೆ ಅದು ಬದಲಾಯಿತು. ಮನೆಯವರೆಲ್ಲ ಕೆಳಗೆ ಉಣ್ಣುವಾಗ ಅವನೊಬ್ಬನನ್ನೇ ಕತ್ತಲೆಯಲ್ಲಿ ಬಿಡುತ್ತೀಯಾ ಎಂದು ನಾನಿಗೆ ಕಣ್ಣೀರೇ ಬಂದಿತ್ತಂತೆ.

"ಇದೇ ಕಾರಣ ಅಂತ ನಿನಗೆ ಗೊತ್ತಿತ್ತಾ?"

ಹೌದೆಂದು ತಲೆಯಾಡಿಸಿದಳು. ನಾನಿಗೆ ಹಾವು ಇಷ್ಟವಾಗುತ್ತದೆ ಎಂದು ಅವಳು ಕನಸಲ್ಲೂ ಎಣಿಸಿರಲಿಲ್ಲ. ಇಷ್ಟವಾಗಿಬಿಟ್ಟಿತು. ಈಗ ಅವನು ಉಣ್ಣದಿರುವುದು ನಿನ್ನಿಂದಲೇ ಎಂದು ಹೇಗೆ ಹೇಳುವುದು? ಹೊಸ ವರ್ಷ ಕಳೆದ ಕೂಡಲೇ ನಾನಿ ಊರಿಗೆ ಹೊರಡುತ್ತಾಳೆ, ಅಲ್ಲಿಯವರೆಗೆ ಅವನು ತಡೆಯಬಹುದು ಎಂದು ಲೆಕ್ಕ ಹಾಕಿದ್ದಳು. "ಪ್ಲೀಸ್, ಡೋಂಟ್ ಟೆಲ್ ಹರ್," ಎಂದಳು. ಅಳು ತಡೆಯಲು ಮೂಗು ಉಜ್ಜಿಕೊಳ್ಳುತ್ತಿದ್ದಳು. ಅವಳನ್ನು ಅಪ್ಪಿಕೊಳ್ಳಬೇಕು ಅನಿಸಿತು, ಅಪ್ಪಿಕೊಂಡೆ.

ಅವನು ತಡೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಮೆಟ್ಟಿಲಿಳಿಯುತ್ತಾ ಒಂದು ಸುಳ್ಳು ಹೊಸೆದೆ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಅಜ್ಜಿಯ ಪಕ್ಕ ನಿಂತು, "ಅಜ್ಜಿ, ಅವನಿಗೆ ಒಂದು ಥರ ಇನ್ಫೆಕ್ಷನ್ ಇದ್ದ ಹಾಗೆ ಕಾಣುತ್ತೆ. ಸ್ವಲ್ಪ ದಿನ ಯಾರೂ ಹತ್ತಿರ..." ಎಂದು ಶುರು ಮಾಡಿದೆ.

ಅಜ್ಜಿ ನಲ್ಲಿ ನಿಲ್ಲಿಸಿದರು. "ಡಾಕ್ಟರಮ್ಮಾ, ಮಕ್ಕಳು ಮೊಮ್ಮಕ್ಕಳನ್ನ ಸಾಕಿದವಳು ನಾನು. ಸುಳ್ಳು ಹೇಳೋ ಮುಖ ಹೆಂಗಿರ್ತೈತೆ ಅಂತ ಗೊತ್ತು. ಅದಕ್ಕೇನಾಗೈತೆ, ನೆಟ್ಟಗೆ ಹೇಳು. ಸಾಯ್ತೈತಾ?"

ನೆಟ್ಟಗೆ ಹೇಳಿದೆ. ಹೀಗೇ ಬಿಟ್ಟರೆ ಉಳಿಯುವುದು ಕಷ್ಟ, ನಳಿಕೆ ಹಾಕಿದರೂ ಉಳಿಯುತ್ತದೆ ಎಂಬ ಭರವಸೆಯಿಲ್ಲ. ಅವನು ಒಬ್ಬನೇ ಉಣ್ಣುವ ಪ್ರಾಣಿ. ಜನ ನೋಡುತ್ತಿದ್ದರೆ ಅವನಿಗೆ ಅದು ಊಟವಲ್ಲ, ಗಂಡಾಂತರ. ಯಾರ ತಪ್ಪೂ ಅಲ್ಲ ಎಂದು ಕೊನೆಗೆ ಸೇರಿಸಿದೆ, ಅದು ಸಪ್ಪೆಯಾಗಿ ಕೇಳಿಸಿತು.

ಅವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡರು, ಒಣಗಿದ ಮೇಲೂ ಒರೆಸುತ್ತಲೇ ಇದ್ದರು.

"ನಾನು ಆ ಮನೆಗೆ ಸೊಸೆಯಾಗಿ ಹೋದಾಗ ಇಪ್ಪತ್ತು ಜನ ಇದ್ರು ಕಣವ್ವಾ," ಎಂದರು. "ಗಂಡಸ್ರದ್ದು ಆಗಬೇಕು, ಮಕ್ಕಳದ್ದು ಆಗಬೇಕು, ಅತ್ತೆ ನಾದಿನಿಯರದ್ದು ಆಗಬೇಕು. ಕೊನೇಗೆ ನಾನು. ಒಲೆ ಮುಂದೆ ಒಬ್ಬಳೇ, ತಳ ಹಿಡಿದಿದ್ದು ಕೆರ್ಕೊಂಡು. ನೀನು ಉಂಡೇನು ಅಂತ ಒಂದು ದಿನ ಒಬ್ರೂ ಕೇಳಲಿಲ್ಲ. ನನ್ನ ಕೈಗೆ ಮನೆ ಬಂದ ದಿನ ಹೇಳ್ದೆ, ಈ ಮನೇಲಿ ಇನ್ಮೇಲೆ ಒಬ್ರೂ ಒಬ್ಬೊಬ್ಬರೇ ಉಣ್ಣಂಗಿಲ್ಲ ಅಂತ. ನಾಯೀಗೂ ನಮ್ಮ ಜೊತೇನೇ ಹಾಕ್ತಿದ್ದೆ. ಈ ಬಾಯಿಲ್ಲದ ಪ್ರಾಣಿನ ಕತ್ತಲಲ್ಲಿ ಬಿಟ್ಟು ಬಂದ್ರೆ ನನಗೆ ತುತ್ತು ಇಳೀತಿರಲಿಲ್ಲ."

ವೈದ್ಯಕೀಯ ಮುಗಿದು ಬೇರೇನೋ ಶುರುವಾಗಿತ್ತು. ಸುಮ್ಮನೆ ಒಂದು ಬಟ್ಟೆ ತೆಗೆದುಕೊಂಡು ಅವರು ತೊಳೆದಿಟ್ಟ ಪಾತ್ರೆಗಳನ್ನು ಒರೆಸತೊಡಗಿದೆ. ಅವರು ನಲ್ಲಿ ಬಿಟ್ಟು ಮತ್ತೆ ತೊಳೆಯತೊಡಗಿದರು. ಎಷ್ಟೋ ಪಾತ್ರೆಗಳಾದ ಮೇಲೆ ಒಮ್ಮೆಲೇ ಸಣ್ಣಗೆ ನಕ್ಕರು.

"ಒಂದು ಮಾತು ಹೇಳ್ತೀನಿ, ನನ್ನ ಮಗಳಿಗೆ ಹೇಳಬ್ಯಾಡ. ಒಂದೊಂದಿನ ಮಧ್ಯಾಹ್ನ ಎಲ್ಲಾರೂ ಮಲಗಿರ್ತಿದ್ರು. ಅಡುಗೆಮನೆ ಬಾಗಿಲು ಮುಂದೆ ಮಾಡ್ಕೊಂಡು, ತಣ್ಣನ್ನಕ್ಕೆ ಉಪ್ಪಿನಕಾಯಿ ಕಲೆಸ್ಕೊಂಡು, ಕಾಲು ಚಾಚಿ ಕೂತು ತಿಂತಿದ್ದೆ. ಯಾರೂ ಕರೆಯಂಗಿಲ್ಲ, ನೀರು ತಾ ಅನ್ನಂಗಿಲ್ಲ, ಯಾರೂ ನೋಡಂಗಿಲ್ಲ. ಆ ರುಚಿ ಆಮೇಲೆ ಯಾವ ಊಟಕ್ಕೂ ಬರಲಿಲ್ಲ ನೋಡು." ಚಮಚವೊಂದನ್ನು ನನ್ನ ಕೈಗಿಟ್ಟರು. "ಅಂಗೇನಾ ಅವನಿಗೂ?"

"ಹಂಗೇ ಅಜ್ಜಿ," ಎಂದೆ.

"ಮತ್ತೆ ಮೊದಲೇ ಹಂಗಂತ ಹೇಳೋದಲ್ವಾ," ಎಂದು ಗದರಿದರು. ಆ 'ಅವನಿಗೂ' ಎಂಬುದೇ ಮೊದಲ ಸಲ ಅವರು ಆಲೂವನ್ನು ಅವನು ಎಂದದ್ದು.

ಅವತ್ತೇ ನಿರ್ಧಾರ ಮಾಡಿದೆವು. ನಳಿಕೆಯನ್ನು ಮುಂದೂಡುವುದು. ಎರಡು ವಾರ ಅವನನ್ನು ಮುಟ್ಟುವಂತಿಲ್ಲ, ಎತ್ತುವಂತಿಲ್ಲ, ಊಟವನ್ನು ಕೊಡುವಂತೆಯೂ ಇಲ್ಲ. ಡಬ್ಬಿ ಅಟ್ಟಕ್ಕೆ. ಗಾಜಿನ ಮುಂಭಾಗಕ್ಕೆ ಅಜ್ಜಿ ತಮ್ಮ ಕಪ್ಪು ಶಾಲು ಇಳಿಬಿಟ್ಟರು. ಕೋಣೆಗೆ ಹುಡುಗಿ ಒಬ್ಬಳೇ, ಅದೂ ನೀರು ಬದಲಿಸಲು. ಹಿರಿಯ ವೈದ್ಯರು ಹುಬ್ಬೇರಿಸಿ, ತೂಕವನ್ನೂ ನೋಡುವುದಿಲ್ಲವೇ ಎಂದರು. ತೂಗಬೇಕಾದರೆ ಎತ್ತಬೇಕು, ಎತ್ತಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ ಎಂದೆ. ತೂಗದೆ ಇರುವುದು ವೈದ್ಯೆಗೆ ಕಣ್ಣು ಕಟ್ಟಿಕೊಂಡು ಗಾಡಿ ಓಡಿಸಿದ ಹಾಗೆ. ನನ್ನ ಎಣಿಕೆ ತಪ್ಪಾಗಿದ್ದರೆ ಆ ಎರಡು ವಾರಗಳೇ ಅವನಿಗೆ ಉಳಿದಿದ್ದ ಕಾಲವಾಗಿರಬಹುದಿತ್ತು.

ಕ್ರಿಸ್ಮಸ್ ಮುಗಿದ ಮೇಲೆ ಮೊದಲ ಪ್ರಯತ್ನ. ಬೆಚ್ಚಗಿನ ಇಲಿಯನ್ನು ಹುಡುಗಿ ಗೂಡಿನ ಬಾಯಿಗಿಟ್ಟು, ದೀಪ ಆರಿಸಿ ಬಂದಳು. ಬೆಳಿಗ್ಗೆ ನೋಡಿದರೆ ಇಲಿ ಇಟ್ಟಲ್ಲೇ ಇತ್ತು.

ತಾಯಿ ಫೋನ್ ಮಾಡಿ ತಿಳಿಸಿದರು. ಹಿರಿಯ ವೈದ್ಯರು ನಳಿಕೆಯ ಕೆಲಸಕ್ಕೆ ಒಂದು ದಿನ ಗೊತ್ತು ಮಾಡಿದರು, ಅಜ್ಜಿ ವಿಮಾನ ಹತ್ತುವ ವಾರದಲ್ಲೇ. ಅದಕ್ಕೆ ಮುಂಚೆ ಇನ್ನೊಂದೇ ಒಂದು ಪ್ರಯತ್ನಕ್ಕೆ ಅವಕಾಶವಿತ್ತು. ಯೋಚಿಸಿದೆ. ಎಲ್ಲ ಸರಿ ಇದೆ, ಮತ್ತೇನು? ಹುಡುಗಿಯನ್ನು ಕೇಳಿದರೆ, ಅವತ್ತು ಇಲಿ ಇಟ್ಟು ಬಂದ ಮೇಲೆ ಎಲ್ಲರೂ ಬಾಗಿಲ ಹೊರಗೇ ನಿಂತಿದ್ದೆವು ಎಂದಳು. ಅಪ್ಪ, ಅಮ್ಮ, ತಾನು. ನಾನಿ ಬಾಗಿಲಿಗೆ ಕಿವಿ ಹಚ್ಚಿದ್ದಳು. ಇಲ್ಲಿನ ಮನೆಗಳ ಮಹಡಿ ಮರದ್ದು, ಒಬ್ಬರು ಕಾಲು ಬದಲಿಸಿದರೂ ಅಲುಗುತ್ತದೆ. ಹಾವಿಗೆ ನೆಲದ ಅಲುಗಾಟವೇ ಸದ್ದು. ನಾವು ಕಣ್ಣು ಮುಚ್ಚಿದ್ದೆವು, ಆದರೆ ಕಾಲು ಅಲ್ಲೇ ಇಟ್ಟಿದ್ದೆವು.

ಎರಡನೆಯ ಸಲ ನಾನೇ ಹೋದೆ. ಜನವರಿಯ ಸಂಜೆ, ಐದು ಗಂಟೆಗೆಲ್ಲ ಕಗ್ಗತ್ತಲು. ಅವತ್ತು ಕ್ಲಿನಿಕ್ಕಿನಲ್ಲಿ ಎರಡು ಶಸ್ತ್ರಚಿಕಿತ್ಸೆ ಇದ್ದವು, ಬೆಳಗಿನಿಂದ ಒಂದು ಬಿಸ್ಕತ್ತು ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹುಡುಗಿಯ ಜೊತೆ ಇಲಿ ಬಿಸಿ ಮಾಡಿದೆ, ತಲೆಗೆ ಸ್ವಲ್ಪ ಹೆಚ್ಚು. ಅವಳು ಒಬ್ಬಳೇ ಮೇಲೆ ಹೋಗಿ ಇಟ್ಟು, ಶಾಲು ಇಳಿಬಿಟ್ಟು, ಕಾಲುಚೀಲದಲ್ಲಿ ಬೆಕ್ಕಿನ ಹಾಗೆ ಇಳಿದು ಬಂದಳು. ಅಜ್ಜಿ ಕೆಳಗಿನ ಮೆಟ್ಟಿಲ ಮೇಲೆ ಮೊಮ್ಮಗಳಿಗೂ ಜಾಗ ಬಿಡದಂತೆ ಅಡ್ಡ ಕೂತರು.

"ಇನ್ನು ನನ್ನ ದಾಟಿ ಒಬ್ರೂ ಹತ್ತಂಗಿಲ್ಲ."

ನಾವು ಹಾಲಿನಲ್ಲಿ ಕೂತೆವು. ತಾಯಿ ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದಿದ್ದರು. ಬಾಗಿಲ ಗಂಟೆ ಹೊಡೆಯಿತು. ಪಕ್ಕದ ಮನೆಯ ಐರಿಶ್ ಹೆಂಗಸು, ಊರಿಗೆ ಹೊರಟ ಅಜ್ಜಿಯನ್ನು ಮಾತಾಡಿಸಲು ಕೇಕ್ ತಂದಿದ್ದರು. ಬಂದವರನ್ನು ಒಳಗೆ ಕರೆಯದೆ ಕಳಿಸುವುದು ಅಜ್ಜಿಯ ಜನ್ಮದಲ್ಲಿಲ್ಲ. ಆದರೆ ಅವತ್ತು ಕೂತಲ್ಲಿಂದಲೇ ತುಟಿಗೆ ಬೆರಳಿಟ್ಟು ಮೇಲೆ ತೋರಿಸಿ, "ಸ್ಪಡ್ ಊಟ. ಟುಮಾರೋ ಕಮ್. ಗ್ರ್ಯಾಂಡ್?" ಎಂದರು, ಸರಿಯೇ ಎನ್ನಲು ಇಲ್ಲಿಯವರು ಹೇಳುವ ಹಾಗೆ. ಆಕೆ ಕೇಕನ್ನು ನನ್ನ ಕೈಗಿಟ್ಟು, ಗ್ರ್ಯಾಂಡ್ ಎಂದು ಪಿಸುಗುಟ್ಟಿ ಹೋದರು.

ಎಷ್ಟು ಹೊತ್ತಾಯಿತೋ. ಮೇಲಿಂದ ಧಪ್ ಎಂದು ಒಂದು ಸದ್ದು. ಹೂಕುಂಡ ಗಾಜಿಗೆ ಬಡಿದ ಸದ್ದು. ಹುಡುಗಿ ಚಿಮ್ಮಿ ಎದ್ದಳು. ಅಜ್ಜಿ ಅವಳ ಮಣಿಕಟ್ಟು ಹಿಡಿದರು.

"ಕೂತ್ಕೋ."

"ನಾನಿ, ಪ್ಲೀಸ್!"

"ಉಣ್ಣೋವಾಗ ಹೋಗಬಾರದು. ಕೂತ್ಕೋ ನನ್ನ ಹತ್ರ."

ಹುಡುಗಿ ಅಜ್ಜಿಯ ಮಡಿಲಲ್ಲಿ ಮುಖ ಹುದುಗಿಸಿದಳು. ಅಜ್ಜಿಯ ಕಣ್ಣು ಮಾತ್ರ ಮೆಟ್ಟಿಲುಗಳ ಮೇಲ್ತುದಿಯಲ್ಲಿತ್ತು. ತಾವು ಹೋಗುವುದರೊಳಗೆ ಅವನು ಉಣ್ಣುವುದನ್ನು ಒಂದು ಸಲ ಕಣ್ಣಾರೆ ನೋಡಬೇಕೆಂದು ಎಲ್ಲರೆದುರೂ ಹೇಳಿಕೊಂಡಿದ್ದವರು ಅವರು. ಎದ್ದರೆ ಮೆಟ್ಟಿಲು ಹತ್ತುವಷ್ಟೇ ದೂರ. ಏಳಲಿಲ್ಲ. ನನಗೆ ಅವರ ಮೇಲೆ ಉಕ್ಕಿ ಬಂದ ಪ್ರೀತಿಯನ್ನು ಹೇಗೆ ಹೇಳಲಿ ತಿಳಿಯದು.

ಬಹಳ ತಡೆದು ಹುಡುಗಿಯನ್ನು ಕಳಿಸಿದೆವು. ಮೇಲೆ ಏನೂ ಕೇಳಿಸಲಿಲ್ಲ. ಕೆಳಗಿಳಿದವಳ ಕೆನ್ನೆ ಒದ್ದೆಯಾಗಿತ್ತು, ಬಾಯಿ ಕಿವಿಯವರೆಗೆ ಹರಡಿತ್ತು. ಇಲಿ ಇಲ್ಲ. ಅವನ ನಡುವಿನಲ್ಲಿ ದಪ್ಪನೆಯ ಉಬ್ಬು. ತಾಯಿ ಕುರ್ಚಿಯಲ್ಲೇ ಮುಖ ಮುಚ್ಚಿಕೊಂಡು ಅತ್ತರು, ಡಾಕ್ಟರೆಂಬುದನ್ನೆಲ್ಲ ಮರೆತು. ಆ ಉಬ್ಬನ್ನಾದರೂ ನೋಡು ಬಾ ಎಂದು ಮೊಮ್ಮಗಳು ಎಳೆದರೆ ಅಜ್ಜಿ, "ಈಗ ಬ್ಯಾಡ. ಜೀರ್ಣ ಆಗ್ಲಿ, ನಾಡಿದ್ದು ನೋಡ್ತೀನಿ," ಎಂದರು. ನಾನು ಹೇಳಿಕೊಡಬೇಕೆಂದಿದ್ದ ಮಾತೇ ಅದು. ಉಂಡ ಮೇಲೆ ಎರಡು ದಿನ ಮುಟ್ಟಿದರೆ ಹಾವು ಕಕ್ಕಿಬಿಡುತ್ತದೆ.

ನಳಿಕೆ ಬೇಡವೆಂದು ಹಿರಿಯ ವೈದ್ಯರಿಗೆ ಸಂದೇಶ ಕಳಿಸಿ, ಕೋಟು ಹಾಕಿಕೊಂಡು ಹೊರಟೆ. ಅಜ್ಜಿ ದಾರಿಗೆ ಅಡ್ಡ ಬಂದರು.

"ನೀನು ಯಾವಾಗ ಉಂಡಿದ್ದು?"

ನಿಜ ಹೇಳಿದೆ. ಈಗ ರೊಟ್ಟಿಗಳ ಸಾಲು ಬರುತ್ತದೆ, ಮುಗಿಸುವವರೆಗೆ ಬಾಯಿ ನೋಡುತ್ತಾರೆ ಎಂದು ಮನಸ್ಸಿನಲ್ಲೇ ಸಿದ್ಧಳಾದೆ. ಅವರು ನನ್ನನ್ನು ಅಡುಗೆಮನೆಗೆ ಕರೆದೊಯ್ದರು. ತಟ್ಟೆಯಲ್ಲಿ ಬಿಸಿ ಅನ್ನ, ಸೋರೆಕಾಯಿ ಬೇಳೆಯ ದಾಲ್ಚಾ, ಒಂದು ಹೋಳು ಮಾವಿನಕಾಯಿ ಉಪ್ಪಿನಕಾಯಿ. ಲೋಟದಲ್ಲಿ ನೀರು. ಕುರ್ಚಿಯ ಮುಂದೆ ಇನ್ನೊಂದು ಕುರ್ಚಿ ಎಳೆದು, "ಕಾಲು ಚಾಚ್ಕೋ," ಎಂದರು. ಆಮೇಲೆ ಹೊರಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ ಸದ್ದು ಕೇಳಿಸಿತು.

ನಾನು ಕಾಲು ಚಾಚಿ ಕೂತೆ. ಆಚೆ ಯಾರೂ ಮಾತಾಡುತ್ತಿರಲಿಲ್ಲ, ಯಾರನ್ನೂ ಮಾತಾಡಲು ಅವರು ಬಿಟ್ಟಿರಲಿಲ್ಲ. ಅನ್ನ ಕಲೆಸಿ ಮೊದಲ ತುತ್ತು ಬಾಯಿಗಿಟ್ಟಾಗ ಕಣ್ಣು ತುಂಬಿಕೊಂಡಿತು. ಒರೆಸಿಕೊಳ್ಳುವ ಅವಸರವಿರಲಿಲ್ಲ, ನೋಡುವವರಿರಲಿಲ್ಲ. ನಿಧಾನವಾಗಿ, ಬೆರಳು ನೆಕ್ಕಿಕೊಂಡು, ತಟ್ಟೆ ಖಾಲಿ ಮಾಡಿದೆ.

ಬಾಗಿಲು ತೆರೆದರೆ ಅಜ್ಜಿ ಅದೇ ಕೆಳಗಿನ ಮೆಟ್ಟಿಲ ಮೇಲೆ, ಅಡುಗೆಮನೆಗೆ ಬೆನ್ನು ಮಾಡಿ ಕೂತಿದ್ದರು.

"ನಾನು ನೋಡಲಿಲ್ಲ ಕಣವ್ವಾ," ಎಂದರು, ತಿರುಗದೆಯೇ.

ನಾನು ಖಾಲಿ ತಟ್ಟೆಯನ್ನು ಅವರ ಮುಂದೆ ಹಿಡಿದೆ. "ಅಜ್ಜಿ, ಇನ್ನೊಂಚೂರು ಅನ್ನ ಐತಾ?"